ಸೂರಿನ ಕೆಳಗೆ ಯಾರ್ಯಾರು

ಚೀನೀಯರು ಶಾಂತಿ ಎಂದು ಬರೆಯುವುದು ಹೀಗಂತೆ: ಮೊದಲು ಒಂದು ಸೂರು, ಅದರ ಕೆಳಗೆ ಕೂತ ಒಬ್ಬ ಹೆಂಗಸು. ಹೆಂಗಸು ಮನೆಯೊಳಗಿದ್ದರೆ ಲೋಕವೆಲ್ಲ ತಣ್ಣಗಿರುತ್ತದೆ ಎಂಬುದನ್ನು ಆ ಜ್ಞಾನಿಗಳು ಸಾವಿರಾರು ವರ್ಷಗಳ ಹಿಂದೆಯೇ ಕಂಡುಕೊಂಡು ಅಕ್ಷರದೊಳಗೆ ಬಚ್ಚಿಟ್ಟರಂತೆ. ಈ ಕತೆ ನಿಮಗೂ ವಾಟ್ಸಾಪಿನಲ್ಲಿ, ಸೂರ್ಯೋದಯದ ಚಿತ್ರದ ಮೇಲೆ ಕೂತು ಬಂದಿರುತ್ತದೆ. ಹೇಳುವವರಿಗೆ ನನ್ನವು ಕೆಲವು ಸಾಧಾರಣ ಪ್ರಶ್ನೆಗಳಿವೆ. ಗಂಡಸನ್ನು ಸೂರಿನ ಕೆಳಗೆ ಕೂರಿಸಿ ಯಾರಾದರೂ ಪ್ರಯೋಗ ಮಾಡಿ ನೋಡಿದ್ದರೇ? ಆ ಹೆಂಗಸು ಒಳಗೆ ಏನು ಮಾಡುತ್ತಿದ್ದಳು ಎಂದು ಇಣುಕಿದವರು ಯಾರು? ಚೀನೀ ಭಾಷೆಯ ಅಷ್ಟೊಂದು ಅಕ್ಷರಗಳಲ್ಲಿ ನಮ್ಮ ಗಂಡಸರಿಗೆಲ್ಲ ಇದೊಂದೇ ಬಾಯಿಪಾಠವಾಗಿರುವುದು ಹೇಗೆ?

ನಾನು ಇದನ್ನು ಮೊದಲು ಕೇಳಿದ್ದು ದೋಹಾದ ನಮ್ಮ ಕನ್ನಡ ಸಂಘದ ತಿಂಗಳ ಸಭೆಯಲ್ಲಿ. ಫುಟ್‌ಬಾಲ್ ವಿಶ್ವಕಪ್ಪಿನ ಕ್ರೀಡಾಂಗಣಗಳೆಲ್ಲ ಇನ್ನೂ ಕ್ರೇನುಗಳ ಕೆಳಗಿದ್ದ ವರ್ಷ. ಸಂಘದ ಹಿರಿಯರೊಬ್ಬರಿಗೆ ಪ್ರತಿ ಸಭೆಯಲ್ಲಿ ‘ಚಿಂತನ’ ಎಂಬ ಐದು ನಿಮಿಷ ಮೀಸಲು. ಸ್ವಾಗತ ಭಾಷಣ ಮತ್ತು ಊಟದ ನಡುವೆ ಇಟ್ಟಿದ್ದರಿಂದ ಎದ್ದುಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಐದು ನಿಮಿಷ ಮೂವತ್ತಾಗುತ್ತಿತ್ತು. ಅವರು ಯಾವುದೋ ಯಂತ್ರ ಕೊಳ್ಳಲು ನಾಲ್ಕು ದಿನ ಚೀನಾಕ್ಕೆ ಹೋಗಿಬಂದಿದ್ದರು. ನಾಲ್ಕರಲ್ಲಿ ಎರಡು ದಿನವನ್ನು ವಿಮಾನ ನಿಲ್ದಾಣಗಳಲ್ಲೇ ಕಳೆದಿದ್ದರೂ ಚೀನೀ ನಾಗರಿಕತೆ ಅವರ ಕೈವಶವಾಗಿತ್ತು.

ಬಿಳಿ ಹಲಗೆಯ ಮೇಲೆ ಅವರು 安 ಎಂದು ಬರೆದರು. "ನೋಡಿ, ಇದು ಸೂರು. ಇದು ಸ್ತ್ರೀ. ಎರಡೂ ಸೇರಿದರೆ ಶಾಂತಿ. ಮ್ಯಾನೇಜ್‌ಮೆಂಟ್ ಪುಸ್ತಕ ಬೇಕಾ ಇದಕ್ಕೆ? ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು, ಚೀನಾದ ಅಜ್ಜಂದಿರಿಗೆ ಗೊತ್ತಿತ್ತು."

ನನ್ನ ಪಕ್ಕ ಕೂತಿದ್ದ ಅಣ್ಣ ತಲೆದೂಗಿದ. ಅವನು ತಲೆದೂಗುವುದು ಅಪರೂಪ. ಆಸ್ಪತ್ರೆಯೊಂದರ ಐಟಿ ವಿಭಾಗದಲ್ಲಿದ್ದು, ಯಾವ ದೂರಿಗೂ ‘ನೋಡೋಣ, ಟಿಕೆಟ್ ಹಾಕಿ’ ಎಂದು ಸಾಲಿಗೆ ಸೇರಿಸುವ ಸ್ವಭಾವ. ಅವತ್ತು ಮೂರು ಸಲ ದೂಗಿದ. ನನಗೆ ಆಗಲೇ ಅಪಾಯದ ವಾಸನೆ ಬಡಿಯಿತು, ಏಕೆಂದರೆ ಮನೆಯಲ್ಲಿ ಅವನ ಸಹಿಗಾಗಿ ಒಂದು ಕಾಗದ ಹತ್ತು ದಿನದಿಂದ ಕಾದಿತ್ತು.

ಆ ಕಾಗದ ಅತ್ತಿಗೆಯದು. ಅತ್ತಿಗೆ ಪುತ್ತೂರಿನ ಕಡೆಯವರು. ಮದುವೆಗೆ ಮೊದಲು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಸೀಟಿ ಇಲ್ಲದೆಯೇ ಮೈದಾನದ ಆಚೆ ತುದಿಯ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದ್ದ ಗಂಟಲು. ಅಲ್ ಅಜೀಜಿಯಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆ ಗಂಟಲನ್ನು ಮಡಿಸಿಟ್ಟುಕೊಂಡು ಆರು ವರ್ಷ ಬಾಳಿದ್ದರು. ನಾನು ಚೀನೀ ಕಂಪನಿಯೊಂದರ ಸೈಟ್ ಕಚೇರಿಯಲ್ಲಿ ಕೆಲಸಕ್ಕಿದ್ದೆ, ವಾಸ ಅಣ್ಣನ ಮನೆಯಲ್ಲಿ. ನಮ್ಮ ಸೈಟಿನಲ್ಲಿ ವರ್ಷಕ್ಕೊಮ್ಮೆ ಸುರಕ್ಷತಾ ದಿನ ಮಾಡುತ್ತಾರೆ, ಮನೆಯವರನ್ನೂ ಕರೆಯುತ್ತಾರೆ. ಆ ವರ್ಷ ಅತ್ತಿಗೆಯೂ ಬಂದಿದ್ದರು. ಹೊಸದಾಗಿ ಸೇರಿದ ಕಾರ್ಮಿಕರಿಗೆ ಸೊಂಟದ ಪಟ್ಟಿಯ ಕೊಕ್ಕೆ ಹಾಕುವುದನ್ನು ತರಬೇತುದಾರ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಕಾರ್ಮಿಕರು ವಿನಯದಿಂದ ತಲೆ ಆಡಿಸುತ್ತಿದ್ದರು, ಕೊಕ್ಕೆ ಗಾಳಿಯಲ್ಲಿ ತೂಗುತ್ತಿತ್ತು. ಅತ್ತಿಗೆ ಎರಡು ನಿಮಿಷ ತಡೆದರು. ಆಮೇಲೆ ಹಿಂದಿಯಲ್ಲಿ, ಮಲಯಾಳದಲ್ಲಿ, ಕೊನೆಗೆ ಒಬ್ಬನ ಮುಖ ನೋಡಿ ತುಳುವಿನಲ್ಲಿ ಕೂಗಿದರು. ಇಪ್ಪತ್ತು ಕೊಕ್ಕೆಗಳು ಒಟ್ಟಿಗೆ ಟಕ್ ಎಂದವು. ಸುರಕ್ಷತಾ ಮ್ಯಾನೇಜರ್, ಕೊರಿಯಾದವರು, ನನ್ನ ಹತ್ತಿರ ಬಂದು, "ಆ ಹೆಂಗಸು ಯಾವ ಕಂಪನಿಯವರು?" ಎಂದು ಕೇಳಿದರು. ಯಾವ ಕಂಪನಿಯವರೂ ಅಲ್ಲ, ನಮ್ಮನೆಯವರು ಎಂದೆ. ದೋಹಾದಿಂದ ಐವತ್ತು ಕಿಲೋಮೀಟರ್ ಆಚೆ, ಅಲ್ ಖೋರ್ ಕಡೆ ಶುರುವಾಗಲಿದ್ದ ಇನ್ನೊಂದು ಸೈಟಿನ ತರಬೇತಿ ಕೋಣೆಗೆ ಅವರು ಬೇಕು ಎಂದರು.

ಆದರೆ ಅತ್ತಿಗೆ ಇದ್ದದ್ದು ಅಣ್ಣನ ಕುಟುಂಬ ವೀಸಾದಲ್ಲಿ. ಅವರನ್ನು ಯಾರಾದರೂ ಕೆಲಸಕ್ಕಿಟ್ಟುಕೊಳ್ಳಬೇಕಾದರೆ ‘ನನ್ನ ಆಕ್ಷೇಪಣೆ ಇಲ್ಲ’ ಎಂದು ಅಣ್ಣ ಬರೆದುಕೊಡಬೇಕಿತ್ತು. ಮೂರು ಸಾಲಿನ ಕಾಗದ. ನವೆಂಬರ್ ಎರಡನೆಯ ವಾರದೊಳಗೆ ಕೊಟ್ಟರಾಯಿತು ಎಂದಿದ್ದರು ಮ್ಯಾನೇಜರ್. ಮಕ್ಕಳಿನ್ನೂ ಆಗಿರಲಿಲ್ಲವಾದ್ದರಿಂದ ಅಣ್ಣನಿಗೆ ಆ ನೆಪವೂ ಇರಲಿಲ್ಲ. ಹತ್ತು ದಿನ ನೆಪವೇ ಸಿಗದೆ ಒದ್ದಾಡಿದ್ದ ಮನುಷ್ಯನಿಗೆ ಹಿರಿಯರು ಬಿಳಿ ಹಲಗೆಯ ಮೇಲೆ ಚೀನಾದಿಂದ ಒಂದನ್ನು ತಂದುಕೊಟ್ಟರು.

ವಾಪಸಾಗುವಾಗ ಕಾರಿನಲ್ಲಿ ಅವನೇ ತೆಗೆದ. "ಚೆನ್ನಾಗಿತ್ತಲ್ಲ ಅವರು ಹೇಳಿದ್ದು?"

"ಯಾವುದು, ಬಿಸಿಬೇಳೆಬಾತಾ?" ಎಂದೆ.

"ತಮಾಷೆ ಬೇಡ ಕಣೇ. ಒಂದು ಇಡೀ ಸಂಸ್ಕೃತಿ ಹೇಳ್ತಿದೆ."

ಹಿಂದಿನ ಸೀಟಿನಿಂದ ಅತ್ತಿಗೆ, "ಆ ಹೆಂಗಸು ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತಿದ್ಲಂತೆ, ಕೇಳಿದ್ರಾ?" ಎಂದರು. ಅಣ್ಣ ಎಸಿ ಜೋರು ಮಾಡಿದ.

ಮರುದಿನದಿಂದ ನಾನು ಪ್ರತಿವಾದಕ್ಕೆ ಬೇಕಾದ ಸಾಮಗ್ರಿ ಕೂಡಿಸತೊಡಗಿದೆ. ಮೈಸೂರಿನ ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಒಂದು ಹೇಳಿಕೆ ಸಿಕ್ಕಿದರೆ ಅದರ ಕಾಲು ಎಲ್ಲಿ ಕುಂಟುತ್ತದೆ ಎಂದು ನೋಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನನ್ನ ಎದುರು ಮೇಜಿನಲ್ಲಿ ಚೀನಾದ ಪ್ಲಾನಿಂಗ್ ಎಂಜಿನಿಯರ್ ಇದ್ದಳು. ಅವಳ ಇಂಗ್ಲಿಷ್ ಕಡಿಮೆ, ತಾಳ್ಮೆ ಇನ್ನೂ ಕಡಿಮೆ. ಹಿರಿಯರ ಕತೆಯನ್ನು ಅವಳಿಗೆ ಹೇಳಿದೆ.

"ಗೊತ್ತು. ಮಕ್ಕಳಿಗೆ ನೆನಪಿರಲಿ ಅಂತ ಶಾಲೆಯಲ್ಲಿ ಹೇಳ್ತಾರೆ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

"ನಿಜವಾ?"

"ಮೂಳೆಯ ಮೇಲೆ ಕೊರೆದ ಹಳೇ ರೂಪದಲ್ಲಿ ಮಂಡಿಯೂರಿದ ಹೆಂಗಸು ಇದ್ದಾಳೆ, ಮೇಲೆ ಸೂರು ಇದೆ. ಕೆಲವು ಕಡೆ ಕೆಳಗೊಂದು ಗೀಟು. ಅದು ಚಾಪೆ ಅನ್ನುವವರಿದ್ದಾರೆ, ಅದು ಮನೆಯಲ್ಲ ದೇವರ ಕೋಣೆ ಅನ್ನುವವರೂ ಇದ್ದಾರೆ. ಬರೆದವನು ಸತ್ತುಹೋದ. ಕೇಳೋದು ಯಾರನ್ನ?" ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಆ ಮುದುಕ ಹಂದಿ ವಿಷಯ ಹೇಳಿದನಾ?" ಎಂದಳು.

ಹೇಳಿರಲಿಲ್ಲ. ಅವಳು ನನ್ನ ನೋಟ್‌ಬುಕ್ ಎಳೆದುಕೊಂಡು ಬರೆದಳು. ಅದೇ ಸೂರು, ಕೆಳಗೆ ಹಂದಿ: ಮನೆ ಎಂದರ್ಥ. ಅದೇ ಸೂರು, ಕೆಳಗೆ ದನ: ಸೆರೆಮನೆ. ಕೆಳಗೆ ಬೆಂಕಿ: ಅನಾಹುತ. ಕೆಳಗೆ ಮಗು: ‘ಅಕ್ಷರ’ ಎನ್ನುವುದಕ್ಕೇ ಆ ಅಕ್ಷರ. ನನಗೆ ಹಬ್ಬವಾಯಿತು. ಹೆಂಗಸಿದ್ದರೆ ಶಾಂತಿ ಎನ್ನುವ ತರ್ಕ ಒಪ್ಪಿದರೆ ಹಂದಿ ಇಲ್ಲದ ನಮ್ಮ ಸಂಘದ ಯಾರದೂ ಮನೆಯೇ ಅಲ್ಲ. ಗೋವನ್ನು ಕಟ್ಟಿದ ಪ್ರತಿಯೊಬ್ಬನೂ ಜೈಲರ್.

ಒಂದು ವಾರ ಹೀಗೇ ಅಗೆದೆ. ಈ 安 ನಮ್ಮ ಸೈಟಿನ ಬೇಲಿಯ ಮೇಲೆಲ್ಲ ಇತ್ತು: ‘ಸುರಕ್ಷತೆ’ ಎಂಬ ಜೋಡಿಪದದ ಮೊದಲ ಅಕ್ಷರವೇ ಅದು. ಚೀನೀಯರಿಗೆ ಆನ್‌ಚುಆನ್, ಜಪಾನೀಯರಿಗೆ ಅಂಜೆನ್, ಕೊರಿಯಾದವರಿಗೆ ಆನ್‌ಜೊನ್, ವಿಯೆಟ್ನಾಮಿನವರಿಗೆ ಆನ್ ತೊಆನ್. ಕೊರಿಯಾ, ವಿಯೆಟ್ನಾಮುಗಳಲ್ಲಿ ದಿನಬಳಕೆಯಿಂದ ಲಿಪಿ ಹೋಯಿತು, ಪದ ಉಳಿಯಿತು; ಹೆಂಗಸೂ ಇಲ್ಲ, ಸೂರೂ ಇಲ್ಲ, ಆದರೂ ಅಲ್ಲಿ ಜನ ಸುರಕ್ಷಿತವಾಗಿಯೇ ಇದ್ದಾರೆ. ನಮ್ಮ ಸೈಟಿನ ನಕ್ಷೆಗಳಲ್ಲಿ ಪೈಪು, ಫ್ಯಾನು ಜೋಡಿಸಿ ಎನ್ನುವ ಸೂಚನೆಗೂ ಇದೇ ಅಕ್ಷರ. ಹಳೆಯ ಚೀನೀ ಬರಹದಲ್ಲಿ ‘ಅದು ಹೇಗಾದೀತು?’ ಎಂದು ಸವಾಲು ಹಾಕಲೂ ಇದನ್ನೇ ಬಳಸುತ್ತಿದ್ದರಂತೆ. ಜಪಾನಿನಲ್ಲಂತೂ ಇದಕ್ಕೆ ಅಗ್ಗ, ಕಡಿಮೆ ಬೆಲೆಯದು ಎಂಬ ಅರ್ಥ. ಅಂಗಡಿಯ ಬಾಗಿಲಲ್ಲಿ ದೊಡ್ಡದಾಗಿ ಬರೆದು ತೂಗುಹಾಕುತ್ತಾರೆ. ಅದೇ ಜಪಾನಿನಲ್ಲಿ ಈ ಅಕ್ಷರ ಕೈಬರಹದಲ್ಲಿ ಸವೆದು ಸವೆದು ಅವರ ‘ಅ’ ಆಯಿತು. ಅವರ ಅಕ್ಷರಮಾಲೆಯ ಕ್ರಮವೋ, ಬೌದ್ಧ ಸಂನ್ಯಾಸಿಗಳ ಜೊತೆ ನಮ್ಮ ಕಡೆಯಿಂದಲೇ ಹೋದದ್ದು. ಇಷ್ಟೆಲ್ಲ ದೇಶ ಸುತ್ತಿ, ವೇಷ ಬದಲಿಸಿ, ದುಡಿದ ಅಕ್ಷರವನ್ನು ಹಿಡಿದು ‘ಮನೆಯಲ್ಲಿ ಕೂತಿರು’ ಎಂಬುದಕ್ಕೆ ಸಾಕ್ಷಿ ಹೇಳಿಸುತ್ತಾರಲ್ಲ!

ಇದನ್ನೆಲ್ಲ ಊಟದ ಮೇಜಿನಲ್ಲಿ ಹರಡಿದೆ. ಅತ್ತಿಗೆ ದನದ ಜೈಲು ಕೇಳಿ ಬಿದ್ದು ಬಿದ್ದು ನಕ್ಕರು. "ಹಂದಿ ಇದ್ರೆ ಮನೆಯಾ? ಹಾಗಾದ್ರೆ ನಿನ್ನ ಅಣ್ಣನಿಗೆ ಹೇಳು, ಮನೆ ಓನರು ಒಪ್ಪಿದ್ರೆ ಒಂದು ತರುವ."

ಅಣ್ಣನೂ ನಕ್ಕ. ಅದು ಮುಖ್ಯ. ನಕ್ಕು, "ಆಯ್ತು ಮಾರಾಯ್ತಿ, ರಾಜ್ಯೋತ್ಸವ ಮುಗೀಲಿ. ಸಹಿ ತಾನೇ? ನೋಡೋಣ," ಎಂದ. ಹೆಂಡತಿಯ ಊರಿನ ‘ಮಾರಾಯ್ತಿ’ ಅವನ ಬಾಯಲ್ಲಿ ಬಂದರೆ ಅರ್ಧ ಸೋತ ಎಂದೇ ಲೆಕ್ಕ. ಅತ್ತಿಗೆ ಮರುದಿನವೇ ಕಾಲಿಗೆ ಗಟ್ಟಿ ಬೂಟು ತಂದರು. ಬೂಟು ಹಾಕಿಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ನಡೆದು, "ಮಿಲಿಟ್ರಿಯವಳ ಹಾಗೆ ಕಾಣ್ತೇನಾ?" ಎಂದು ಕೇಳಿದರು.

ರಾಜ್ಯೋತ್ಸವದ ಶುಕ್ರವಾರ ಸಂಘದಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ ಹಿರಿಯರೇ ಕೊಟ್ಟಿದ್ದು: ‘ಮನೆಯ ನೆಮ್ಮದಿ ಮನೆಯಾಕೆಯ ಕೈಯಲ್ಲಿದೆ’. ನಾನು ಹೆಸರು ಕೊಟ್ಟೆ. ತುಂಬಿದ ಸಭೆಯ ಎದುರು ಹಂದಿಯನ್ನು ಬಿಟ್ಟುಬಿಡುವ ಅವಕಾಶ ಬಂದಾಗ ಯಾರು ಸುಮ್ಮನಿರುತ್ತಾರೆ?

ಆದರೆ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ನಾವು ಆರಿಸಿಕೊಳ್ಳುವಂತಿಲ್ಲ. ವೇದಿಕೆಯ ಪಕ್ಕ ಒಂದು ಸ್ಟೀಲ್ ಡಬ್ಬಿ, ಒಳಗೆ ಮಡಿಸಿದ ಚೀಟಿಗಳು. ನನ್ನದನ್ನು ಬಿಚ್ಚಿದೆ. ‘ಪರ’.

ನನ್ನ ಎದುರಾಳಿ ಮಂಗಳೂರಿನ ಬ್ಯಾರಿ ಯುವಕ, ಅಪ್ಪನ ಅತ್ತರ್ ಅಂಗಡಿಯಲ್ಲಿ ಕೂರುವವನು. ಅವನಿಗೆ ‘ವಿರೋಧ’ ಬಂದಿತ್ತು. ಚೀಟಿಯನ್ನು ಬಿಸಿ ಕೆಂಡದ ಹಾಗೆ ಹಿಡಿದುಕೊಂಡು ನನ್ನ ಬಳಿ ಬಂದ. "ಅಕ್ಕ, ಬದಲಿ ಮಾಡುವನಾ? ನಂಗೆ ಪರ ಆದ್ರೆ ಎರಡು ಮಾತು ಬರ್ತದೆ. ಯಾರೂ ನೋಡುದಿಲ್ಲ."

ಯಾರೂ ನೋಡುತ್ತಿರಲಿಲ್ಲ, ನಿಜ. ಆದರೆ ಚೀಟಿ ಬದಲಿಸಿದವಳು ಚರ್ಚಾಪಟುವೇ ಅಲ್ಲ ಎಂದು ಕಲಿತವಳು ನಾನು. ಬಂದ ಪಕ್ಷವನ್ನು ಗೆಲ್ಲಿಸುವುದೇ ಕಸುಬು. ನಂಬಿದ್ದನ್ನು ಹೇಳುವುದು ಯಾರಿಗಾದರೂ ಬರುತ್ತದೆ. "ಬೇಡ, ನಿಯಮ ಅಂದ್ರೆ ನಿಯಮ," ಎಂದೆ. ಇನ್ನೊಂದು ಕಾರಣವನ್ನೂ ಒಪ್ಪಿಬಿಡುತ್ತೇನೆ: ಹಿರಿಯರ ಕುಂಟು ಕತೆಯನ್ನು ಅವರಿಗಿಂತ ಚೆನ್ನಾಗಿ ಓಡಿಸಬಲ್ಲೆ ಎಂದು ತೋರಿಸುವ ಚಪಲ ನನ್ನನ್ನು ಕಚ್ಚಿತ್ತು.

ಓಡಿಸಿದೆ. ಆ ವಾದ ಎಲ್ಲಿ ಮುರಿಯುತ್ತದೆ ಎಂದು ನನ್ನಷ್ಟು ಚೆನ್ನಾಗಿ ಆ ಸಭಾಂಗಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲೆಲ್ಲ ಮೊದಲೇ ಮೊಳೆ ಹೊಡೆದೆ. ಹಂದಿಯನ್ನು ನಾನೇ ಕರೆತಂದು, ‘ಹಂದಿಯಿಂದ ಮನೆ ಆಗಬಹುದು ಸಭಾಪತಿಗಳೇ, ಶಾಂತಿ ಆಗುತ್ತದೆಯೇ?’ ಎಂದು ಕೇಳಿ ನಗಿಸಿ ಹೊರಗಟ್ಟಿದೆ. ಏಷ್ಯಾದ ನಾಲ್ಕು ಭಾಷೆಗಳನ್ನು ಒಂದೊಂದಾಗಿ ಸಾಲು ನಿಲ್ಲಿಸಿ, ಈ ಊರಿನಲ್ಲಿ ಏಳುತ್ತಿರುವ ಒಂದೊಂದು ಕ್ರೀಡಾಂಗಣದ ಬೇಲಿಯ ಮೇಲೂ ಸುರಕ್ಷತೆ ಎಂಬ ಮಾತು ಶುರುವಾಗುವುದು ಸೂರಿನ ಕೆಳಗೆ ಕೂತ ಒಬ್ಬ ಹೆಂಗಸಿನಿಂದ, ಅವಳನ್ನು ಎಬ್ಬಿಸಿದರೆ ಉಳಿಯುವುದು ಖಾಲಿ ತಗಡು ಎಂದೆ. ಅಗ್ಗ ಎಂಬ ಅರ್ಥವನ್ನು ಹೇಳಲೇ ಇಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಹಿರಿಯರು ಮೊಬೈಲ್ ತೆಗೆದು ಚಿತ್ರೀಕರಿಸಿದರು.

ಅತ್ತರ್ ಅಂಗಡಿಯವನು ಎದ್ದು ನಿಂತ. "ನಮ್ಮ ಉಮ್ಮ ಮನೆಯಲ್ಲೇ ಇರುವುದು. ಆದರೆ ಮನೆಯಲ್ಲಿ ನೆಮ್ಮದಿ ಇಲ್ಲ. ಅಪ್ಪ ಅಂಗಡಿಯ ಸಿಟ್ಟು ಮನೆಗೆ ತರ್ತಾರೆ. ಅಷ್ಟೇ, ಖಲಾಸ್," ಎಂದು ಕೂತುಬಿಟ್ಟ. ಒಂದು ನಿಮಿಷವೂ ಆಗಿರಲಿಲ್ಲ. ಜನ ನಕ್ಕರು. ಅವನಿಗೆ ಸಮಾಧಾನಕರ ಬಹುಮಾನ ಕೊಟ್ಟರು. ಕಪ್ ನನಗೆ.

ಅಣ್ಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ನನ್ನ ಯಾವ ಭಾಷಣವನ್ನೂ ಪೂರ್ತಿ ಕೇಳದ ಅಣ್ಣ. ನನಗೆ ಖುಷಿಯಾಯಿತು. ಅಲ್ಲೇ ಅರ್ಥವಾಗಬೇಕಿತ್ತು, ಆಗಲಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಅತ್ತಿಗೆ ಆ ಕಾಗದವನ್ನು, ಪೆನ್ನನ್ನು ತಂದು ಅಣ್ಣನ ತಟ್ಟೆಯ ಪಕ್ಕ ಇಟ್ಟರು. ಅಣ್ಣ ಅದನ್ನು ಮೆಲ್ಲಗೆ ಆಚೆ ಸರಿಸಿದ.

"ಬೇಡ ಬಿಡು. ನಾನು ತುಂಬ ಯೋಚನೆ ಮಾಡಿದೆ. ಇವಳೇ ಹೇಳಿದ್ಲಲ್ಲ ನಿನ್ನೆ, ಎಷ್ಟು ಚೆನ್ನಾಗಿ!"

"ಅದು ಚೀಟಿ ಕಣೋ!" ಎಂದೆ. "ನಂಗೆ ಪರ ಬಂತು. ವಿರೋಧ ಬಂದಿದ್ರೆ ಅದನ್ನೇ ಪುಡಿ ಮಾಡ್ತಿದ್ದೆ."

"ಹಾಗಾದ್ರೆ ಹೋದ ವಾರ ಹಂದಿ, ದನ ಅಂದ್ಯಲ್ಲ, ಅದು ಯಾವ ಚೀಟಿ? ಎರಡೂ ಕಡೆ ನೀನೇ ಮಾತಾಡ್ತೀಯ. ಯಾವುದನ್ನ ನಂಬ್ಲಿ? ನಂಗೆ ಚೆನ್ನಾಗಿ ಕೇಳಿಸಿದ್ದನ್ನ ನಂಬ್ತೀನಿ."

ನಾನು ಬಿಡಲಿಲ್ಲ. ಮೂಲ ರೂಪ, ಚಾಪೆ, ದೇವರ ಕೋಣೆ, ಜಪಾನಿನ ಅಂಗಡಿ, ಒಂದಾದ ಮೇಲೊಂದು ಎಸೆದೆ. ಅಣ್ಣ ದೋಸೆ ಮುರಿಯುತ್ತ, "ಸಂಘದಲ್ಲೆಲ್ಲ ನಿನ್ನ ವಿಡಿಯೋ ಹೋಗಿದೆ. ಈಗ ನಾನೇ ಇವಳನ್ನ ಬೆಳಗಿನ ಜಾವದ ಬಸ್ಸು ಹತ್ತಿಸಿ ಅಲ್ ಖೋರ್‌ಗೆ ಕಳಿಸಿದ್ರೆ ಜನ ಏನಂತಾರೆ?" ಎಂದ. ಅದು ನಿಜವಾದ ಮಾತು. ಮೂರು ವಾರದಿಂದ ಅವನ ಹೊಟ್ಟೆಯಲ್ಲಿದ್ದದ್ದು ಚೀನಾವಲ್ಲ, ಜನ. ಅದಕ್ಕೊಂದು ಒಳ್ಳೆಯ ಅಂಗಿ ಬೇಕಿತ್ತು, ಹೊಲಿದುಕೊಟ್ಟದ್ದು ನಾನು.

ಅತ್ತಿಗೆ ಕಾಗದವನ್ನು ತೆಗೆದುಕೊಂಡು ಒಳಗೆ ಹೋದರು. ಹಿಂದೆಯೇ ಹೋದೆ. ಕ್ಷಮೆ ಕೇಳಬೇಕೆಂದು ಹೊರಟವಳು, ಚರ್ಚೆಯಲ್ಲಿ ಪಕ್ಷಕ್ಕೂ ನಂಬಿಕೆಗೂ ಇರುವ ವ್ಯತ್ಯಾಸವನ್ನು ವಿವರಿಸತೊಡಗಿದೆ. ಅವರು ಸಿಂಕಿನ ನಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು.

"ಇನ್ನೂ ಪಾಯಿಂಟ್ ಬಾಕಿ ಉಂಟಾ ನಿಂಗೆ?"

ನಾನು ತಟ್ಟೆ ಒರೆಸುವ ಬಟ್ಟೆ ಕೈಗೆತ್ತಿಕೊಂಡೆ.

"ಈ ಮೂರು ವಾರ ಒಳ್ಳೇದಿತ್ತು," ಎಂದರು ಅವರು. "ಹಿಂದಿಯಲ್ಲಿ ಏಣಿ, ಸರಳು, ಜಾರಿಕೆ ಎಲ್ಲ ಹೇಳಿ ಹೇಳಿ ಅಭ್ಯಾಸ ಮಾಡ್ತಿದ್ದೆ, ನೀವಿಬ್ರೂ ಆಫೀಸಿಗೆ ಹೋದ ಮೇಲೆ. ಕೆಳಗಿನ ಮನೆಯವಳು ಮೇಲೆ ಬಂದು ‘ಸಬ್ ಠೀಕ್ ಹೈ?’ ಅಂತ ಕೇಳಿದ್ಲು. ಅಷ್ಟು ಜೋರು." ನಗಲು ನೋಡಿದರು. ಆಗಲಿಲ್ಲ. "ಅವ್ರಿಗೆ ಫೋನ್ ಮಾಡಿ ಹೇಳು, ಆಗುದಿಲ್ಲಂತೆ ಅಂತ. ಅದೂ ನೀನೇ ಹೇಳು. ನಿಂಗೆ ಚಂದ ಹೇಳ್ಲಿಕ್ಕೆ ಬರ್ತದಲ್ಲ."

ಕೊರಿಯಾದ ಮ್ಯಾನೇಜರಿಗೆ ನಾನೇ ಹೇಳಿದೆ. ಅವರು, "ಗಂಡನಿಗೆ ಏನು ತೊಂದರೆ?" ಎಂದರು. ನಾನು ಇಂಗ್ಲಿಷಿನಲ್ಲಿ ‘ಕೌಟುಂಬಿಕ ಕಾರಣ’ ಎಂದೆ. ಏಷ್ಯಾದ ಎಲ್ಲ ಭಾಷೆಯವರಿಗೂ ಅದರ ಅರ್ಥ ತಿಳಿಯುತ್ತದೆ. ಆ ತರಬೇತಿ ಕೋಣೆಗೆ ಬೇರೊಬ್ಬರು ಬಂದರು.

ಆಮೇಲಿನ ವರ್ಷಗಳಲ್ಲಿ ನಾನು ಬೇರೆ ಮನೆ ಮಾಡಿದೆ. ಮಹಾಮಾರಿ ಬಂತು, ಹೋಯಿತು, ಕ್ರೇನುಗಳು ಇಳಿದವು. ಕೊನೆಗೆ ವಿಶ್ವಕಪ್ ಶುರುವಾಗುವ ಹೊತ್ತಿಗೆ ಊರಿಗೆ ಊರೇ ಸ್ವಯಂಸೇವಕರ ಅಂಗಿ ತೊಟ್ಟಿತ್ತು. ಅತ್ತಿಗೆಗೂ ಒಂದು ಅಂಗಿ ಸಿಕ್ಕಿತು. ಎತ್ತರದ ಕುರ್ಚಿಯ ಮೇಲೆ ಕೂತು, ಕೈಯಲ್ಲಿ ಧ್ವನಿವರ್ಧಕ ಹಿಡಿದು, ಆಟ ಮುಗಿಸಿ ಹೊರಬರುವ ಸಾವಿರಾರು ಜನರನ್ನು ಮೆಟ್ರೊ ಕಡೆ ಅಟ್ಟುವ ಕೆಲಸ. ಧ್ವನಿವರ್ಧಕದ ಅಗತ್ಯ ಅವರಿಗೇನೂ ಇರಲಿಲ್ಲ. ಬೆಳಗಿನ ಬಸ್ಸಿಗೆ ಹೆದರಿದ್ದ ಅಣ್ಣ, ಅವರು ಮನೆಗೆ ಬರುವುದು ಎಷ್ಟು ಹೊತ್ತಾದರೂ ಕಾರು ತೆಗೆದುಕೊಂಡು ಹೋಗಿ ಕಾಯುತ್ತಿದ್ದ. ಫೋಟೊ ಹೊಡೆದು ಕುಟುಂಬದ ಗುಂಪಿಗೆ ಹಾಕಿ, ‘ನಮ್ಮ ಮನೆಯ ಹೆಮ್ಮೆ’ ಎಂದು ಬರೆದ. ಸಂಬಳವಿಲ್ಲದ ಕೆಲಸಕ್ಕೆ ‘ಸೇವೆ’ ಎಂಬ ಹೆಸರಿದೆ. ಅದರಿಂದ ಯಾರ ಶಾಂತಿಯೂ ಕೆಡುವುದಿಲ್ಲ. ಸಂಘದ ಹಿರಿಯರು ಅತ್ತಿಗೆಗೆ ಶಾಲು ಹೊದಿಸಿದರು. ಚೀನೀ ಭಾಷೆಯ ಪ್ರಸ್ತಾಪ ಬರಲಿಲ್ಲ.

ವಿಶ್ವಕಪ್ ಮುಗಿದ ಮೇಲೆ ಅಂಗಿಯನ್ನು ತೊಳೆದು ಮಡಿಸಿದರು. ಅತ್ತಿಗೆ ಈಗಲೂ ಅದೇ ಫ್ಲ್ಯಾಟಿನಲ್ಲಿದ್ದಾರೆ, ನನ್ನ ಜೊತೆ ಚೆನ್ನಾಗಿಯೇ ಇದ್ದಾರೆ. ಆದರೆ ನಾನು ಯಾವುದಕ್ಕಾದರೂ ಅಭಿಪ್ರಾಯ ಹೇಳತೊಡಗಿದರೆ ಎದ್ದುಹೋಗಿ ಒಲೆಯ ಮೇಲೆ ಏನೋ ಇಟ್ಟುಬರುತ್ತಾರೆ. ಅಣ್ಣ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಇದನ್ನು ಅವನು ಓದುತ್ತಾನೆ ಎಂದು ಗೊತ್ತು. ಓದಿ, ‘ಟಿಕೆಟ್ ಹಾಕು’ ಎನ್ನುತ್ತಾನೆ. ಒಂದು ಪ್ರಶ್ನೆಯನ್ನು ಅವನಿಗೆ ಕಾರಿನಲ್ಲಿ ಒಮ್ಮೆ, ಫೋನಿನಲ್ಲಿ ಎರಡು ಸಲ ಕೇಳಿದ್ದೇನೆ; ಸಿಗ್ನಲ್ ಬಿತ್ತು, ಯಾರೋ ಬಂದರು, ಲೈನ್ ಸರಿಯಿರಲಿಲ್ಲ. ಆದ್ದರಿಂದ ಬರೆದೇ ಕೇಳುತ್ತೇನೆ. ಅಣ್ಣಾ, ಅವತ್ತು ನಾನು ಆ ಹುಡುಗನ ಜೊತೆ ಚೀಟಿ ಬದಲಿಸಿಕೊಂಡು, ವಿರೋಧ ಮಾತಾಡಿ ಗೆದ್ದಿದ್ದರೆ, ನೀನು ಸಹಿ ಹಾಕುತ್ತಿದ್ದೆಯಾ?